ಅನುಮತಿ ಕೇಳುವ ಚೌಕ

ನನ್ನ ಗಂಡನಿಗೆ ಕಾರ್ಕಳ ಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬಂದಾಗ ಅದು ಇನ್ನೂ ರೀಲಿನ ಕಾಲ. ಮುಂದೆ ಗಾಜಿನ ಕಪಾಟು, ಅದರೊಳಗೆ ಯಾರ್‍ಯಾರದ್ದೋ ಮದುವೆಯ ಫೋಟೋಗಳು, ಹಿಂದೆ ನೀಲಿ ಪರದೆ, ಎರಡು ಕೊಡೆ ದೀಪ. ಊರಿನ ಅರ್ಧಕ್ಕರ್ಧ ಜನರ ಪಾಸ್‌ಪೋರ್ಟ್ ಫೋಟೋ ಅವರೇ ತೆಗೆದದ್ದು. ಗಲ್ಫಿಗೆ ಹೋದವರೆಲ್ಲ ಒಮ್ಮೆ ಆ ಸ್ಟೂಲಿನ ಮೇಲೆ ಕೂತು, ಗಲ್ಲ ಸ್ವಲ್ಪ ಕೆಳಗೆ ಮಾಡಿ, ಅವರ ಬೆರಳನ್ನು ನೋಡಿಯೇ ಹೋದವರು. ನಾನು ಅಲ್ಲಿಯೇ ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಡಿಜಿಟಲ್ ಕ್ಯಾಮೆರಾ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಅವರ ಜೊತೆಯ ಕೆಲವರು ಕೆಲಸ ಬಿಟ್ಟು ಬೇರೆ ವ್ಯಾಪಾರಕ್ಕೆ ಹೋದರು. ಇವರು ಬಿಡಲಿಲ್ಲ. ಕಂಪ್ಯೂಟರ್ ತಂದು, ಸ್ಟುಡಿಯೋದಲ್ಲಿ ಜಾಗ ಸಾಲದೆ ಮನೆಯ ಬದಿಯ ಕೋಣೆಯಲ್ಲಿ ಇಟ್ಟುಕೊಂಡರು. ಯಾರ ಹತ್ತಿರವೂ ಕಲಿಯಲಿಕ್ಕೆ ಹೋಗಲಿಲ್ಲ. ಒತ್ತಿ ನೋಡುವುದು, ಕೆಟ್ಟರೆ ಪುನಃ ಒತ್ತಿ ನೋಡುವುದು. ಒಂದು ವರ್ಷದಲ್ಲಿ ಮದುಮಗಳ ಕೆನ್ನೆಯ ಮೊಡವೆ ತೆಗೆಯಲಿಕ್ಕೆ, ಮೋಡದ ದಿನದ ಫೋಟೋಕ್ಕೆ ಬಿಸಿಲು ಕೊಡಲಿಕ್ಕೆ, ಗ್ರೂಪಿನಲ್ಲಿ ಕಣ್ಣು ಮುಚ್ಚಿದವರ ಕಣ್ಣು ತೆರೆಸಲಿಕ್ಕೆ ಅವರಿಗೆ ಬಂತು. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಆ ಕೋಣೆಯಲ್ಲಿ ಕೂತಿರುತ್ತಿದ್ದರು, ಚಹಾ ಪಕ್ಕದಲ್ಲಿ ತಣ್ಣಗಾಗಿರುತ್ತಿತ್ತು.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಅದರಲ್ಲಿ ಎಲ್ಲವೂ ಹೊಸತು. ಅದರ ಜೊತೆಗೆ ಬಂದದ್ದು ಆ ಚೌಕ.

ಈಗಿನವರಿಗೆ ಅದರ ನೆನಪು ಇರಲಿಕ್ಕಿಲ್ಲ. ಯಾವುದಾದರೂ ಹಳೆಯ ಪ್ರೋಗ್ರಾಂ ತೆರೆಯಲಿಕ್ಕೆ ಹೋದರೆ ಇಡೀ ಸ್ಕ್ರೀನ್ ಒಮ್ಮೆಲೇ ಮಂಕಾಗುತ್ತಿತ್ತು. ನೋಡುತ್ತಿದ್ದ ಚಿತ್ರ, ಬಣ್ಣ ಎಲ್ಲ ಹಿಂದೆ ಸರಿದು ನೆರಳಾಗಿ ನಿಲ್ಲುತ್ತಿದ್ದವು. ನಡುವೆ ಒಂದು ಚಿಕ್ಕ ಚೌಕ ಮಾತ್ರ ಬೆಳಗುತ್ತಿತ್ತು. ಮುಂದುವರಿಯಲು ನಿಮ್ಮ ಅನುಮತಿ ಬೇಕು, ಈ ಕೆಲಸ ಶುರು ಮಾಡಿದ್ದು ನೀವೇ ಆಗಿದ್ದರೆ ಮುಂದುವರಿಸಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಒತ್ತಿದರೆ ಬೆಳಕು ವಾಪಸು ಬರುತ್ತಿತ್ತು. ಒತ್ತುವ ತನಕ ಕಂಪ್ಯೂಟರ್ ಕಾಯುತ್ತಿತ್ತು. ಇವರ ಫೋಟೋದ ಪ್ರೋಗ್ರಾಂ ಹಳೆಯದು, ಆಲ್ಬಂ ಮಾಡುವ ಪ್ರೋಗ್ರಾಂ ಅದಕ್ಕಿಂತ ಹಳೆಯದು. ಹಾಗಾಗಿ ದಿನದಲ್ಲಿ ಎಷ್ಟೋ ಸಲ ಆ ಕತ್ತಲೆ ಬರುತ್ತಿತ್ತು.

ಪ್ರತಿ ಸಲವೂ ಅವರು ಬೆಚ್ಚಿ ಬೀಳುತ್ತಿದ್ದರು. ಅಡುಗೆಮನೆಗೆ ಕುರ್ಚಿ ಹಿಂದೆ ಸರಿದ ಸದ್ದು ಕೇಳುತ್ತಿತ್ತು, ಮತ್ತೆ ಅವರ ಬೊಬ್ಬೆ.

"ಬಂತು! ಪುನಃ ಬಂತು ನೋಡು!"

"ಒತ್ತಿದರೆ ಆಯ್ತಲ್ಲ," ನಾನು ಒಳಗಿನಿಂದಲೇ ಹೇಳುತ್ತಿದ್ದೆ. "ಅಷ್ಟಕ್ಕೆ ಎಂತ ಇಷ್ಟು ಗಲಾಟೆ?"

"ನಿನಗೆ ಗೊತ್ತಾಗುದಿಲ್ಲ ಮಾರಾಯ್ತಿ. ಬಣ್ಣ ನೋಡ್ತಾ ಇರುವಾಗ ಕತ್ತಲೆ ಮಾಡಿದ್ರೆ ಎಂತ ಮಾಡುದು ನಾನು?"

ಒಂದು ಸಲ ನಾನು ಬಾಗಿಲಲ್ಲಿ ನಿಂತಿರುವಾಗಲೇ ಅದು ಬಂತು. ಅವರ ಎಡಗೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಓಡುವ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುವ ಹಾಗೆ. ಚೌಕ ಕಂಡ ಮೇಲೆ ಕೈ ಸಡಿಲವಾಯಿತು. ಉಸಿರು ಬಿಟ್ಟರು. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣದಕ್ಕೆ ಯಾಕೆ ಹೆದರುತ್ತಾರೆ ಎಂದು ನನಗೆ ನಗು ಬಂತು. ನಕ್ಕೆ ಕೂಡ.

ಕೊನೆಗೆ ಅವರು ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದರು. ಬಾಗಲಕೋಟೆ ಕಡೆಯವರು. ವಯರಿಂಗ್ ಕೆಲಸಕ್ಕೆಂದು ಈ ಕಡೆ ಬಂದು, ಮತ್ತೆ ಇಲ್ಲಿಯೇ ಮನೆ ಮಾಡಿ, ಪೇಟೆಯಲ್ಲಿ ಮಾಳಿಗೆಯ ಮೇಲೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ನಮ್ಮ ಹಳೆಯ ಕಂಪ್ಯೂಟರಿಗೂ ಅವರೇ ಡಾಕ್ಟರು. ವಿಷಯ ಕೇಳಿ ತಲೆಯಾಡಿಸಿದರು.

"ಸರ, ಇದನ್ನ ತಗೀಬ್ಯಾಡ್ರಿ. ಏನರ ಕೆಟ್ಟದ್ದು ಒಳಗ ಬರಾಕ ಹತ್ತಿದ್ರ, ಇದ ಒಂದು ನಿಮಗ ಹೇಳತೈತಿ."

"ನನ್ನ ಮನೆ, ನನ್ನ ಕಂಪ್ಯೂಟರ್. ಕೂತದ್ದು ನಾನೇ. ಮತ್ತೆ ನನ್ನನ್ನೇ ನೀನು ಯಾರು ಅಂತ ಕೇಳಿದ್ರೆ ಹೇಗೆ? ನೀವು ತೆಗೀರಿ ಮಾರಾಯ್ರೇ."

"ಆತು, ನಿಮ್ಮಿಷ್ಟ."

ರಿಪೇರಿಯವರು ಕಂಪ್ಯೂಟರಿನೊಳಗೆ ಎಲ್ಲೆಲ್ಲೋ ಹೋಗಿ, ಒಂದು ಕಡೆ ಇದ್ದ ಸರಿ ಗುರುತನ್ನು ತೆಗೆದರು. ತೆಗೆಯುವಾಗ ಸ್ಕ್ರೀನ್ ಮಂಕಾಗಿ ಅದೇ ಚೌಕ ಬಂತು. ಅದನ್ನು ತೆಗೆಯಲಿಕ್ಕೂ ಅದರದ್ದೇ ಅನುಮತಿ ಬೇಕಿತ್ತು. ಮೂವರೂ ನಕ್ಕೆವು. ಆಮೇಲೆ ಕಂಪ್ಯೂಟರ್ ಆರಿಸಿ ಪುನಃ ಹಚ್ಚಿದರು.

"ಇನ್ನ ಬರೂದಿಲ್ರಿ. ಆದ್ರ ಆ ಮೂಲ್ಯಾಗ ಒಂದು ಕೆಂಪು ಗುರ್ತು ನಿಂತಿರತೈತಿ. ಅದನ್ನ ನೋಡಿ ಗಾಬರಿ ಆಗಬ್ಯಾಡ್ರಿ."

"ಎಲ್ಲಿ?" ಎಂದರು ಇವರು.

"ಅಲ್ಲೇ, ಕೆಳಗ, ಬಲಕ್ಕ."

ಇವರು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಹುಡುಕಿದರು. ಬಾಗಿಲಲ್ಲಿ ನಿಂತಿದ್ದ ನನಗೂ ಕಾಣುತ್ತಿದ್ದ ಕೆಂಪು ಅದು. ಸ್ವಲ್ಪ ಹೊತ್ತಾದ ಮೇಲೆ "ಹಾಂ, ಉಂಟು ಉಂಟು" ಎಂದರು. ನಾನು ಚಹಾಕ್ಕೆ ನೀರಿಡಲು ಹೋದೆ. ಆ ಸಂಜೆ ಇವರು ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದರು. ಮನೆಯಲ್ಲಿ ಹಬ್ಬದ ಹಾಗಿತ್ತು.

ಕೆಲವು ವಾರ ಬೊಬ್ಬೆ ಕೇಳಲಿಲ್ಲ.

ಆಮೇಲೆ ಕಾಪುವಿನ ಒಂದು ಮದುವೆಯ ಆಲ್ಬಂ ವಾಪಸು ಬಂತು. ಹುಡುಗಿಯ ಸೋದರಮಾವ ಬೆಳಿಗ್ಗೆಯೇ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರು. ಸಿಟ್ಟಿನ ಜನ ಅಲ್ಲ. ಜಗಲಿಯಲ್ಲಿ ಕೂತು, ನಾನು ಕೊಟ್ಟ ನೀರು ಕುಡಿದು, ಆಲ್ಬಂ ಬಿಡಿಸಿ ಇವರ ತೊಡೆಯ ಮೇಲೆ ಇಟ್ಟರು.

"ನೀವು ಹೀಗೆ ಮಾಡುವವರಲ್ಲ ಅಂತ ನನಗೆ ಗೊತ್ತುಂಟು. ಆದರೆ ನೀವೇ ನೋಡಿ. ಮದುಮಗಳ ಮುಖ ಸುಣ್ಣ ಬಳಿದ ಹಾಗೆ ಉಂಟಲ್ಲ. ಸೀರೆಯ ಬಣ್ಣ ಎಲ್ಲಿ ಹೋಯ್ತು? ಅದು ಕಡುಗೆಂಪು ಸೀರೆ."

ನಾನು ಇವರ ಭುಜದ ಮೇಲಿನಿಂದ ನೋಡಿದೆ. ಹೌದು. ಪುಟ ಪುಟವೂ ಬೆಳ್ಳಗೆ. ಸೀರೆ ತಿಳಿಗುಲಾಬಿಯಾಗಿತ್ತು. ಮಲ್ಲಿಗೆ ದಂಡೆ ಯಾವುದು, ಹಿಂದಿನ ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ.

"ಉಡುಪಿಯ ಲ್ಯಾಬಿನವರು ಪ್ರಿಂಟ್ ಹಾಕುವಾಗ ಕೆಡಿಸಿದ್ದು," ಎಂದರು ಇವರು. "ನಾನು ಸರಿ ಮಾಡಿಯೇ ಕಳಿಸಿದ್ದೆ. ಬೇರೆ ಹಾಕಿಸಿ ಕೊಡ್ತೇನೆ."

ಬಂದವರು ಹೋದ ಮೇಲೆ ಅವರು ಆಲ್ಬಮನ್ನು ಮುಚ್ಚದೆ, ಅಂಗಳದ ಬಿಸಿಲಿಗೆ ಹಿಡಿದು ಒಂದೊಂದೇ ಪುಟ ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು. ಬಿಸಿಲು ಏರಿ ನೆತ್ತಿ ಸುಡುತ್ತಿತ್ತು. ನಾನು ಕರೆದರೂ ತಿರುಗಲಿಲ್ಲ.

ಅದಾದ ನಂತರದ ಒಂದು ಶನಿವಾರ. ಮಧ್ಯಾಹ್ನವೇ ಶಾಲೆ ಬಿಟ್ಟು ಬಂದು ನಾನು ಸೀರೆ ಬದಲಿಸುತ್ತಿದ್ದೆ. ಬದಿಯ ಕೋಣೆಯಿಂದ ಕೂಗಿದರು.

"ಆ ರಿಪೇರಿಯವರು ಬಾಕ್ಸ್ ಸರಿಯಾಗಿ ತೆಗೀಲೇ ಇಲ್ಲ. ಪುನಃ ಶುರುವಾಯ್ತು, ಬಾ ಇಲ್ಲಿ!"

ನಾನು ಹೋದೆ. ಸ್ಕ್ರೀನಿನ ಮೇಲೆ ಆ ಕಾಪುವಿನ ಮದುಮಗಳು ಇದ್ದಳು, ಇವರು ಇನ್ನೂ ಕೈ ಹಾಕದ ಮೂಲ ಫೋಟೋದಲ್ಲಿ. ಕಡುಗೆಂಪು ಸೀರೆ, ಮೂಗಿನ ಮೇಲೆ ಬೆವರಿನ ಸಣ್ಣ ಹನಿ, ಹಿಂದೆ ಬಾಳೆಯ ಹಸಿರು. ಎಲ್ಲ ಸ್ಪಷ್ಟ, ಎಲ್ಲ ಬೆಳಕು.

"ಎಂತ ಆಗಿದೆ?"

"ಕತ್ತಲೆ ಮಾಡಿದೆಯಲ್ಲ. ಬಾಕ್ಸ್ ಎಲ್ಲಿ ಉಂಟು ಅಂತ ಸಿಗ್ತಾ ಇಲ್ಲ. ಎಲ್ಲಿ ಒತ್ತುದು?"

"ಬಾಕ್ಸ್ ಇಲ್ಲವಲ್ಲ."

"ಮತ್ತೆ ಕತ್ತಲೆ?"

ನಾನು ಬಗ್ಗಿ ಸ್ಕ್ರೀನನ್ನು ನೋಡಿದೆ. ಅವರು ಮೌಸನ್ನು ಬಿಟ್ಟು ನನ್ನ ಕಡೆ ತಿರುಗಿದರು. ಮುಖ ಪೂರ್ತಿ ತಿರುಗಿಸಿದರು, ನಾನು ಪಕ್ಕದಲ್ಲೇ ನಿಂತಿದ್ದರೂ.

"ನಿನಗೆ ಕಾಣುದಿಲ್ವಾ?"

"ಇಲ್ಲ. ಸ್ಕ್ರೀನ್ ಸರಿಯೇ ಉಂಟು."

ನನ್ನ ಸ್ವರ ನನಗೇ ಯಾರದ್ದೋ ಹಾಗೆ ಕೇಳಿತು. ಅವರು ರಿಪೇರಿಯವರಿಗೆ ಫೋನ್ ಮಾಡು ಎಂದರು. ಮಾಡಿದೆ. ರಿಪೇರಿಯವರು ಊಟ ಮುಗಿಸಿ ಬಂದರು. ಕೂತು ಅದೇ ಜಾಗಕ್ಕೆ ಹೋಗಿ ತೋರಿಸಿದರು.

"ಬಂದ್ ಆಗೇ ಐತ್ರಿ ಸರ. ಏನೂ ಬದಲಾಗಿಲ್ಲ. ಒಳಗ ಕೆಟ್ಟದ್ದೂ ಏನೂ ಬಂದಿಲ್ಲ. ಮಶೀನ್ ಚೊಕ್ಕ ಐತಿ."

"ಬ್ರೈಟ್‌ನೆಸ್ ಹೆಚ್ಚು ಮಾಡಿ."

"ಪೂರಾ ಇಟ್ಟೀನ್ರಿ. ಇದಕ್ಕಿಂತ ಹೆಚ್ಚಾಗೂದಿಲ್ಲ."

ಹಾಗೆಂದು ರಿಪೇರಿಯವರು ನನ್ನನ್ನು ನೋಡಿದರು. ಆ ನೋಟ ನನಗೆ ಬೇಡವಾಗಿತ್ತು. ಚಹಾ ಕುಡಿಯದೆ ಹೋದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ "ಅಕ್ಕಾರ, ಸರನ್ನ ಮಣಿಪಾಲದ ದವಾಖಾನಿಗೆ ಕರ್ಕೊಂಡು ಹೋಗ್ರಿ" ಎಂದರು.

ಹೋಗಲಿಕ್ಕೆ ಅವರು ಒಪ್ಪಲಿಲ್ಲ. ಮದುವೆಯ ಸೀಸನ್ ಮುಗಿಯಲಿ ಎಂದರು. ಪೆರ್ಡೂರಿನಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ, ಅದಾಗಲಿ ಎಂದರು. ಕನ್ನಡಕ ಬದಲಿಸಿದರೆ ಸರಿಯಾಗುತ್ತದೆ ಎಂದರು. ಕನ್ನಡಕ ಬದಲಿಸಿದರು, ಸರಿಯಾಗಲಿಲ್ಲ. ಒಂದು ದಿನ ನಮ್ಮದೇ ಅಂಗಳದಲ್ಲಿ ಸೀರೆ ಒಣಗಲು ಹಾಕಿದ್ದ ಹಗ್ಗ ಕಾಣದೆ, ಅದು ಕುತ್ತಿಗೆಗೆ ಸಿಕ್ಕಿ ಬಿದ್ದರು. ಎದ್ದು ಮಣ್ಣು ಝಾಡಿಸಿಕೊಂಡು, ನನ್ನನ್ನು ನೋಡದೆ, "ನಾಳೆ ಹೋಗುವ" ಎಂದರು.

ಮಣಿಪಾಲದ ಆಸ್ಪತ್ರೆಯಲ್ಲಿ ಅವರನ್ನು ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿದರು. ದೊಡ್ಡ ಬಟ್ಟಲಿನಂಥ ಬಿಳಿ ಯಂತ್ರ. ಅದರೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಬೆಳಕು ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೆ ಹಿಂದೆ ಒಂದು ಸ್ಟೂಲ್ ಕೊಟ್ಟರು. ಅವರು ಗುಂಡಿ ಒತ್ತಿದ ಸದ್ದು ಕೇಳಿತು. ಮತ್ತೊಮ್ಮೆ ಕೇಳಿತು. ಆಮೇಲೆ ಬಹಳ ಹೊತ್ತು ಕೇಳಲಿಲ್ಲ. ನಾನು ಕಾಯುತ್ತಿದ್ದೆ. ಪರೀಕ್ಷೆ ಮಾಡುತ್ತಿದ್ದ ಹೆಂಗಸು ತನ್ನ ಸ್ಕ್ರೀನನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು.

"ಮೇಡಂ, ಮಶೀನ್ ನಿಂತಿತಾ?" ಎಂದು ಇವರು ಬಟ್ಟಲಿನೊಳಗಿನಿಂದ ಕೇಳಿದರು.

"ಇಲ್ಲ ಅಂಕಲ್, ನಡೀತಾ ಉಂಟು. ಬೆಳಕು ಕಂಡಾಗ ಒತ್ತಿ."

ಅವರು ಒತ್ತಲಿಲ್ಲ.

ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ. ಕಾಗದದ ಮೇಲೆ ಬಂದ ಎರಡು ವೃತ್ತಗಳನ್ನು ನಮ್ಮ ಮುಂದೆ ಇಟ್ಟರು. ಎರಡರಲ್ಲೂ ಅಂಚಿನಿಂದ ಒಳಗೆ ಕಪ್ಪು ತುಂಬಿತ್ತು. ನಡುವೆ ಸ್ವಲ್ಪ ಬಿಳಿ ಉಳಿದಿತ್ತು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಬಂದಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತೇವೆ, ನೋವು ಇರುವುದಿಲ್ಲ, ಹಾಗಾಗಿ ಹೆಚ್ಚಿನವರು ತಡವಾಗಿಯೇ ಬರುತ್ತಾರೆ ಎಂದರು.

"ಆಪರೇಷನ್ ಮಾಡಿದ್ರೆ ವಾಪಸು ಬರ್ತದಲ್ವಾ?" ಎಂದು ಇವರು ಕೇಳಿದರು.

"ಒತ್ತಡ ಇಳಿಸಲಿಕ್ಕೆ ಮಾಡಬಹುದು. ಆದರೆ ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲಿಕ್ಕೆ ನೋಡುವ." ಆಮೇಲೆ ಕೇಳಿದರು, "ನೀವು ಕೆಲಸ ಎಂತ ಮಾಡುವುದು?"

ಇವರು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಡಾಕ್ಟರು ಎರಡನೆಯ ಸಲ ಕೇಳದೆ ಹನಿ ಮದ್ದು ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ಪರ್ಕಳ ದಾಟಿತು, ಹಿರಿಯಡ್ಕ ಬಂತು. ಅಲ್ಲಿ ಬಸ್ಸು ನಿಂತಿದ್ದಾಗ ನನ್ನ ಕಡೆ ತಿರುಗದೆ ಮಾತಾಡಲು ಶುರು ಮಾಡಿದರು.

"ಹೊಸ ಕಂಪ್ಯೂಟರ್ ಬರುವ ಮೊದಲೇ ನನಗೆ ಒಂದೊಂದು ಸಲ ಹಾಗೆ ಆಗ್ತಾ ಇತ್ತು. ಮಂಕು. ಮತ್ತೆ ಸರಿಯಾದ ಹಾಗೆ. ಆಯಾಸ ಅಂತ ಮಾಡಿದ್ದೆ."

"ನನಗೆ ಹೇಳಲಿಲ್ಲವಲ್ಲ."

"ಹೇಳಿದ್ರೆ ನಿಜ ಆಗ್ತದಲ್ಲ." ಸ್ವಲ್ಪ ತಡೆದು ಹೇಳಿದರು, "ಆ ಬಾಕ್ಸ್ ಬರುವಾಗ ಪ್ರತಿ ಸಲ ನನಗೆ, ಆಯ್ತು, ಕಣ್ಣು ಹೋಯ್ತು ಅಂತ ಆಗ್ತಿತ್ತು. ಮತ್ತೆ ಬಾಕ್ಸ್ ಕಂಡ ಕೂಡಲೇ ಅಬ್ಬ ಅಂತ. ಕತ್ತಲೆ ಕಂಪ್ಯೂಟರಿನದ್ದು, ನನ್ನದಲ್ಲ. ದಿನಾ ಎಷ್ಟು ಸಲ ಅಂತ ಹೆದರುದು? ಅದಕ್ಕೇ ತೆಗೆಸಿದ್ದು."

ನಾನು ಅವರ ಕೈ ಹಿಡಿದುಕೊಂಡೆ. ಬಸ್ಸು ಹೊರಟಿತು.

ಮರುದಿನವೇ ರಿಪೇರಿಯವರನ್ನು ಪುನಃ ಕರೆಸಿದರು. ಆ ಚೌಕವನ್ನು ವಾಪಸು ಬರುವ ಹಾಗೆ ಮಾಡಿ ಎಂದರು. ರಿಪೇರಿಯವರು ಯಾಕೆಂದು ಕೇಳಲಿಲ್ಲ. ಮಾಡಿಕೊಟ್ಟರು. ನನಗೆ ಅದು ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಚೌಕ ಇದ್ದರೆ ಕೆಲವು ಕತ್ತಲೆಯಾದರೂ ಕಂಪ್ಯೂಟರಿನ ಪಾಲಿಗೆ ಹೋಗುತ್ತಿತ್ತು. ಅದು ಇಲ್ಲವಾದರೆ ಎಲ್ಲ ಕತ್ತಲೆಯೂ ಅವರದ್ದೇ.

ಆದರೆ ಆ ಹೊತ್ತಿಗೆ ನಡುವಿನ ಚೌಕವೂ ಅವರಿಗೆ ಬೇಗ ಸಿಗುತ್ತಿರಲಿಲ್ಲ. ಕೋಣೆಯಿಂದ ಕೇಳುತ್ತಿದ್ದರು.

"ಬಾಕ್ಸ್ ಉಂಟಾ ನೋಡು."

ನಾನು ಕೈ ಒರೆಸಿಕೊಂಡು ಹೋಗಿ ನೋಡುತ್ತಿದ್ದೆ. ಇದ್ದಾಗ ಉಂಟು ಎನ್ನುತ್ತಿದ್ದೆ. ಇಲ್ಲದಾಗ ಇಲ್ಲ ಎನ್ನುತ್ತಿದ್ದೆ. ಸುಳ್ಳು ಹೇಳಬಾರದು ಎಂದು ಮೊದಲೇ ಮಾತು ತೆಗೆದುಕೊಂಡಿದ್ದರು. ಉಂಟು ಎನ್ನುವುದು ಕಡಿಮೆಯಾಗುತ್ತಾ ಬಂತು. ಇಲ್ಲ ಎಂದಾಗ ಅವರು ಮೌಸ್ ಹಿಡಿದು ಹಾಗೇ ಕೂತಿರುತ್ತಿದ್ದರು. ನಾನು ಅಡುಗೆಮನೆಗೆ ವಾಪಸು ಬಂದು ಒಲೆಯ ಮುಂದೆ ನಿಂತು, ಏನು ಮಾಡುತ್ತಿದ್ದೆ ಎಂಬುದನ್ನೇ ಮರೆತಿರುತ್ತಿದ್ದೆ.

ಮದುವೆಗಳನ್ನು ಬಿಟ್ಟರು. ಕಾಪುವಿನವರ ಆಲ್ಬಮನ್ನು ಉಡುಪಿಯ ಬೇರೊಬ್ಬ ಫೋಟೋದವರಿಂದ ಸರಿ ಮಾಡಿಸಿ ಕೊಟ್ಟರು. ಸ್ಟುಡಿಯೋವನ್ನು ಮಾತ್ರ ಪಾಸ್‌ಪೋರ್ಟ್ ಫೋಟೋಕ್ಕೆಂದು ತೆರೆದಿಟ್ಟಿದ್ದರು. ಶನಿವಾರ ಮಧ್ಯಾಹ್ನ ನಾನೂ ಹೋಗಿ ಕೂರುತ್ತಿದ್ದೆ. ಹಾಗೆ ಕೂತಿದ್ದ ಒಂದು ದಿನ ಬಜಗೋಳಿಯಿಂದ ಒಬ್ಬಳು ಹೆಂಗಸು ಬಂದಳು. ಗಂಡ ದುಬಾಯಿಯಲ್ಲಿದ್ದಾನೆ, ಮೊದಲ ಸಲ ಹೋಗುತ್ತಿದ್ದೇನೆ ಎಂದಳು. ಮುಡಿಗೆ ಹೂ ಮುಡಿದು, ಪೌಡರ್ ಹಾಕಿಕೊಂಡು ಖುಷಿಯಲ್ಲಿದ್ದಳು. ಇವರು ಅಭ್ಯಾಸದಂತೆ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ, ಇಲ್ಲಿ ನೋಡಿ ಎಂದು ಬೆರಳೆತ್ತಿದರು. ದೀಪ ಮಿಂಚಿತು.

"ಬಂತಾ?" ಎಂದು ಹೆಂಗಸು ಕೇಳಿದಳು.

ನಾನು ಕ್ಯಾಮೆರಾದ ಹಿಂದಿನ ಸ್ಕ್ರೀನ್ ನೋಡಿದೆ. ಒಂದು ಕಿವಿ, ಅರ್ಧ ಕೆನ್ನೆ, ಹೂವು. ಉಳಿದದ್ದೆಲ್ಲ ನೀಲಿ ಪರದೆ. ಇವರು ನನ್ನ ಮಾತಿಗಾಗಿ ಕಾಯುತ್ತಿದ್ದರು. ಅಷ್ಟರಲ್ಲೇ ಅವರಿಗೆ ಗೊತ್ತಾಯಿತು.

"ನಮ್ಮ ಕ್ಯಾಮೆರಾ ಕೆಟ್ಟಿದೆ ಅಮ್ಮ," ಎಂದರು ಆ ಹೆಂಗಸಿಗೆ. "ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸ್ಟುಡಿಯೋ ಉಂಟು. ಅಲ್ಲಿ ಚೆನ್ನಾಗಿ ತೆಗೀತಾರೆ. ಸುಖವಾಗಿ ಹೋಗಿ ಬನ್ನಿ."

ಅವಳು ಹೋದ ಮೇಲೆ ಕೊಡೆ ದೀಪಗಳನ್ನು ಅವರೇ ಆರಿಸಿದರು. ಗೋಡೆ ತಡವರಿಸಿಕೊಂಡು ಹೋಗಿ ಸ್ವಿಚ್ಚು ಹುಡುಕಿದರು. ನಾನು ಹತ್ತಿರ ಹೋಗಲಿಲ್ಲ, ಹೋಗಬಾರದು ಎಂದು ನನಗೆ ತಿಳಿದಿತ್ತು. ಶಟರ್ ಎಳೆದದ್ದು ಮಾತ್ರ ಇಬ್ಬರೂ ಸೇರಿ.

ಒಂದು ಕಣ್ಣಿಗೆ ಆಪರೇಷನ್ ಆಯಿತು. ಒತ್ತಡ ಇಳಿಯಿತು ಎಂದರು, ಒಳ್ಳೆಯದಾಯಿತು ಎಂದರು. ದೃಷ್ಟಿ ಇಳಿಯುವುದು ಮಾತ್ರ ನಿಲ್ಲಲಿಲ್ಲ. ಮಣಿಪಾಲಕ್ಕೆ ಹೋಗಿ ಬಂದ ಪ್ರತಿ ಸಲವೂ ಆ ಕಾಗದದ ವೃತ್ತದಲ್ಲಿ ಬಿಳಿ ಕಡಿಮೆಯಾಗಿರುತ್ತಿತ್ತು. ಕೆಲವು ವರ್ಷಗಳ ನಂತರ ಡಾಕ್ಟರು ಆ ಪರೀಕ್ಷೆಗೆ ಬರೆದುಕೊಡುವುದನ್ನೇ ಬಿಟ್ಟರು. ಯಾಕೆಂದು ನಾವು ಕೇಳಲಿಲ್ಲ.

ಸಮಾಧಾನ ಹೇಳುವವರು ಬಹಳ ಮಂದಿ ಬಂದರು. ಅಷ್ಟು ವರ್ಷ ನೋಡಿದಿರಲ್ಲ, ಎಲ್ಲ ಮನಸ್ಸಿನಲ್ಲಿ ಇರುತ್ತದೆ ಎಂದರು ಕೆಲವರು. ಅವರು ಹೋದ ಮೇಲೆ ಇವರು, "ಮನಸ್ಸಿನಲ್ಲಿ ಎಂತದೂ ಇಲ್ಲ ಮಾರಾಯ್ತಿ. ಕಾಣದಿದ್ದ ಮೇಲೆ ಅದೂ ಮಾಸುತ್ತಾ ಹೋಗ್ತದೆ" ಎಂದರು. ನಾನು ಒಂದು ಸಲ, ನಮ್ಮ ಮದುವೆಯ ದಿನದ ನನ್ನ ಸೀರೆಯ ಬಣ್ಣ ನೆನಪುಂಟಾ ಎಂದು ಕೇಳಿ, ಕೇಳಬಾರದಿತ್ತು ಎಂದುಕೊಂಡೆ. ಅವರು ಬಹಳ ಯೋಚಿಸಿ ಹಸಿರು ಎಂದರು. ಅದು ಹಸಿರಲ್ಲ.

ಹನಿ ಮದ್ದು ಈಗಲೂ ನಿಲ್ಲಿಸಿಲ್ಲ. ಬೆಳಿಗ್ಗೆ ಮತ್ತು ಸಂಜೆ ಅವರು ಜಗಲಿಯ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಹಾಕುತ್ತಾರೆ. ನಾನು ರೆಪ್ಪೆ ಎಳೆದು ಹನಿ ಬಿಡುತ್ತೇನೆ. ಮೊನ್ನೆ ಹಾಗೆ ತಲೆ ಹಿಂದಕ್ಕೆ ಹಾಕಿಕೊಂಡೇ ಕೇಳಿದರು.

"ಇನ್ನು ಎಂತ ಉಳಿಸ್ಲಿಕ್ಕೆ ಇದು?"

ಕೆನ್ನೆಯ ಮೇಲೆ ಹರಿದ ಮದ್ದನ್ನು ಸೆರಗಿನಿಂದ ಒರೆಸಿ, ಇನ್ನೊಂದು ಕಣ್ಣಿಗೆ ಬಿಟ್ಟೆ.